ತೂಬು ಮುಚ್ಚದ ಸ್ನಾಯುಗಳು

ಪಶುವೈದ್ಯಕೀಯ ಓದುತ್ತಿದ್ದಾಗ ತಳಿವಿಜ್ಞಾನದ ತರಗತಿಯಲ್ಲಿ ಕೇಳಿದ ಒಂದು ಸಂಗತಿ ಇಂದಿಗೂ ನನ್ನ ಮನಸ್ಸನ್ನು ಬಿಟ್ಟಿಲ್ಲ. ಯುರೋಪಿನ ಕೆಲವು ಹಂದಿ ತಳಿಗಳಲ್ಲಿ, ಅದರಲ್ಲೂ ಬೆಲ್ಜಿಯಂನ ಪಿಯೆಟ್ರೇನ್ ತಳಿಯಲ್ಲಿ, ಲಾರಿಗೆ ಹತ್ತಿಸುವ ಗಡಿಬಿಡಿಯೋ ಬಿಸಿಲ ಧಗೆಯೋ ಹೊಸ ಹಂದಿಗಳೊಡನೆ ನಡೆದ ಕಾದಾಟವೋ ಪ್ರಾಣ ತೆಗೆಯಲು ಸಾಕಾಗುತ್ತಿತ್ತು. ಹಂದಿ ಏದುಸಿರು ಬಿಡುತ್ತ, ಚರ್ಮ ಅಲ್ಲಲ್ಲಿ ಕೆಂಪೇರಿ, ಕಾಲು ಸೆಟೆದು, ನೋಡನೋಡುತ್ತಲೇ ಸಾಯುತ್ತಿತ್ತು.

ಕಾರಣ ಸ್ನಾಯುವಿನೊಳಗಿದೆ. ಸ್ನಾಯುಕೋಶದಲ್ಲಿ ಕ್ಯಾಲ್ಸಿಯಂ ಕೂಡಿಡುವ ಚೀಲಗಳಿದ್ದು, ಕೆರೆಗೆ ತೂಬು ಇರುವಂತೆ ಅವುಗಳಿಗೆ ರಯನೋಡಿನ್ ಗ್ರಾಹಕವೆಂಬ ಪ್ರೋಟೀನಿನ ದ್ವಾರವಿರುತ್ತದೆ. ಈ ಹಂದಿಗಳಲ್ಲಿ ಆ ತೂಬು ಸುಲಭವಾಗಿ ತೆರೆದುಕೊಳ್ಳುತ್ತದೆ, ಬೇಗ ಮುಚ್ಚಿಕೊಳ್ಳುವುದಿಲ್ಲ. ಹೀಗೆ ಹೊರಹರಿದ ಕ್ಯಾಲ್ಸಿಯಂನಿಂದ ಸ್ನಾಯುಗಳು ಬಿಡುವಿಲ್ಲದೆ ಬಿಗಿದು, ಮೈ ಕಾದು, ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ. 1991ರಲ್ಲಿ ಟೊರಾಂಟೊದ ಡೇವಿಡ್ ಮ್ಯಾಕ್ಲೆನನ್ ಅವರ ತಂಡವು ಇದರ ಮೂಲವನ್ನು ಗುರುತಿಸಿತು: ವಂಶವಾಹಿಯ 1843ನೆಯ ಸ್ಥಾನದಲ್ಲಿ ಒಂದೇ ಅಕ್ಷರ ಬದಲಾಗಿ, ಪ್ರೋಟೀನಿನ 615ನೆಯ ಸ್ಥಾನದಲ್ಲಿ ಆರ್ಜಿನೀನ್ ಎಂಬ ಅಮೈನೊ ಆಮ್ಲ ಇರಬೇಕಾದಲ್ಲಿ ಸಿಸ್ಟೀನ್ ಎಂಬ ಇನ್ನೊಂದು ಸೇರಿಕೊಂಡಿತ್ತು. ಮನುಷ್ಯರಲ್ಲಿಯೂ ಇದೇ ವಂಶವಾಹಿಯ ದೋಷಗಳಿಂದ ಶಸ್ತ್ರಚಿಕಿತ್ಸೆಯ ಅರಿವಳಿಕೆ ಮಾರಣಾಂತಿಕ ಜ್ವರ ತರಬಲ್ಲದು. ಅದಕ್ಕೆ ಮದ್ದಾದ ಡ್ಯಾಂಟ್ರೊಲೀನಿನ ಗುಣ 1975ರಲ್ಲಿ ಮೊದಲು ಸಿದ್ಧವಾದದ್ದು ಇಂಥ ಹಂದಿಗಳ ಮೇಲೆಯೇ.

ಅದಕ್ಕೂ ಹಿಂದೆ, 1974ರಲ್ಲಿ, ನೆದರ್ಲೆಂಡ್ಸಿನ ಐಕೆಲೆನ್‌ಬೂಮ್ ಮತ್ತು ಮಿಂಕೆಮಾ ಹ್ಯಾಲೋಥೇನ್ ಪರೀಕ್ಷೆಯನ್ನು ವರದಿ ಮಾಡಿದ್ದರು. ಆ ಅರಿವಳಿಕೆಯನ್ನು ಉಸಿರಾಡಿಸಿದರೆ ತಂದೆ ತಾಯಿ ಇಬ್ಬರಿಂದಲೂ ಒಂದೊಂದರಂತೆ ದೋಷದ ಎರಡೂ ಪ್ರತಿಗಳನ್ನು ಪಡೆದ ಮರಿಯ ಕಾಲುಗಳು ಕೆಲವೇ ನಿಮಿಷಗಳಲ್ಲಿ ಸೆಟೆಯುತ್ತಿದ್ದವು. ಒಂದೇ ಪ್ರತಿ ಹೊತ್ತ ಮರಿಗಳು ಸಾಮಾನ್ಯವಾಗಿ ಕಣ್ತಪ್ಪಿಸಿಕೊಳ್ಳುತ್ತಿದ್ದವು. ಡಿಎನ್‌ಎ ಪರೀಕ್ಷೆ ಬಂದ ಮೇಲೆ ಒಂದಿಷ್ಟು ರಕ್ತದಿಂದಲೇ ಅವುಗಳನ್ನೂ ಪತ್ತೆಹಚ್ಚಬಹುದಾಯಿತು.

ಇಷ್ಟು ಕ್ರೂರವಾದ ದೋಷ ಹಬ್ಬಿದ್ದಾದರೂ ಹೇಗೆ? ಇದೇ ರೂಪಾಂತರವು ಕೊಬ್ಬು ಕಡಿಮೆ ಮಾಡಿ ಮಾಂಸ ಹೆಚ್ಚಿಸುತ್ತದೆ. ತುಂಬಿದ ತೊಡೆಯ ಗಂಡುಹಂದಿಗಳನ್ನು ಸಂತಾನಕ್ಕೆ ಆರಿಸಿದವರು ತಮಗೆ ತಿಳಿಯದೆಯೇ ಈ ಅಕ್ಷರವನ್ನೂ ಆರಿಸುತ್ತಿದ್ದರು. ಅವರನ್ನು ನಾನು ದೂರಲಾರೆ. ನನಗೆ ಒಪ್ಪಿಗೆಯಾಗದಿರುವುದು ಪರೀಕ್ಷೆ ಕೈಗೆ ಬಂದ ನಂತರದ ಲೆಕ್ಕಾಚಾರ: ದೋಷವಿರುವ ಗಂಡನ್ನು ದೋಷವಿಲ್ಲದ ಹೆಣ್ಣಿಗೆ ಕೊಟ್ಟು, ಮಾಂಸಕ್ಕೆ ಹೋಗುವ ಮರಿಗಳಲ್ಲಿ ಒಂದು ಪ್ರತಿಯನ್ನು ಬೇಕೆಂದೇ ಉಳಿಸಿಕೊಂಡವರಿದ್ದರು. ಆ ಗಂಡುಗಳನ್ನು ಪಡೆಯಲು ಎರಡು ಪ್ರತಿಯ ಹಂದಿಗಳನ್ನು, ಅವು ಅನುಭವಿಸುವುದೇನೆಂದು ಗೊತ್ತಿದ್ದೂ, ಸಾಕುತ್ತಲೇ ಇರಬೇಕಾಗುತ್ತದೆ.

ಬೇರೆ ದಾರಿ ಇರಲಿಲ್ಲವೆಂದೂ ಅಲ್ಲ. ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದವರು ಪಿಯೆಟ್ರೇನ್ ಹಂದಿಯನ್ನು ಲಾರ್ಜ್ ವೈಟ್ ತಳಿಯೊಡನೆ ಕೂಡಿಸಿ, ಹುಟ್ಟಿದ ಮರಿಗಳನ್ನು ಮತ್ತೆ ಮತ್ತೆ ಪಿಯೆಟ್ರೇನ್‌ಗೇ ಕೂಡಿಸುತ್ತ ಹೋಗಿ, ಮೈಕಟ್ಟು ಹಾಗೆಯೇ ಉಳಿದು ದೋಷ ಮಾತ್ರ ಅಳಿದ ಪಿಯೆಟ್ರೇನನ್ನು ರೂಪಿಸಿದರು.