ಮುಚ್ಚಳದ ಹೋಲ್ಸ್ಟರ್ ಮತ್ತು ಒಂದು ಮಳೆಯ ದಿನ

ಕತ್ತಿಯನ್ನು ಇಡುವುದಕ್ಕೆ ಒರೆ ಎಂಬ ಚೆಂದದ ಪದ ನಮ್ಮಲ್ಲಿದೆ. ಪಿಸ್ತೂಲನ್ನು ಇಡುವುದಕ್ಕೆ ಮಾತ್ರ ಹೋಲ್ಸ್ಟರ್ ಎಂದೇ ಹೇಳಬೇಕಾಗಿದೆ. ನನ್ನಲ್ಲಿರುವುದು ಮೇಲೆ ಅಗಲವಾದ ಮುಚ್ಚಳವಿರುವ, ಹಸಿರು ನೈಲಾನಿನ ಹಳೆಯ ಸೇನಾ ಮಾದರಿ. ಅಮೆರಿಕದ ಸೇನೆ 1985ರಲ್ಲಿ ಬೆರೆಟ್ಟಾ ಎಂ9 ಪಿಸ್ತೂಲನ್ನು ಆರಿಸಿಕೊಂಡಾಗ ಅದಕ್ಕೆ ಜೊತೆಯಾಗಿ ಬಂದ ಎಂ12 ಎಂಬ ಹೋಲ್ಸ್ಟರಿನ ಜಾಡಿನಲ್ಲಿ ಹೊಲಿದದ್ದು. ಅದಕ್ಕೂ ಮೊದಲು ಆ ಸೈನಿಕರ ಸೊಂಟದಲ್ಲಿ ಎಂ1916 ಎಂಬ ಚರ್ಮದ ಹೋಲ್ಸ್ಟರ್ ದಶಕಗಳ ಕಾಲ ಇತ್ತು. ನನ್ನದು ಅಸಲಿ ಎಂ12 ಅಲ್ಲ. ತಯಾರಕರ ಚೀಟಿ ಎಂದೋ ಕಿತ್ತುಹೋಗಿದೆ. ಆದರೂ ಮುಚ್ಚಳವನ್ನು ಬಿಚ್ಚಿ ಇನ್ನೊಂದು ಬದಿಗೆ ಜೋಡಿಸಿ, ಎಡಗೈಯವರಿಗೂ ಬಲಗೈಯವರಿಗೂ ಹೊಂದಿಸಬಹುದಾದ ಆ ಜಾಣ ರಚನೆ ಇದರಲ್ಲಿಯೂ ಇದೆ.

ಪರವಾನಗಿಯ ಪಿಸ್ತೂಲನ್ನು ಜೊತೆಗೆ ಒಯ್ಯಲು ಕಾನೂನಿನ ಅಡ್ಡಿಯಿಲ್ಲದ ಬೆಟ್ಟದ ಹಾದಿಯೊಂದರಲ್ಲಿ, ಹಿರಿಯ ಗೆಳೆಯರೊಬ್ಬರ ಜೊತೆ ಒಂದು ಇಡೀ ದಿನ ನಡೆದಾಗ ಈ ಹೋಲ್ಸ್ಟರನ್ನು ಮೊದಲ ಬಾರಿಗೆ ಹೊರಗೆ ಬಳಸಿದೆ. ಗೆಳೆಯರ ಸೊಂಟದಲ್ಲಿ ಪಿಸ್ತೂಲಿನ ಆಕಾರಕ್ಕೆ ಅಚ್ಚು ಹಾಕಿದ, ಮೇಲ್ಭಾಗ ತೆರೆದಿರುವ ಗಟ್ಟಿ ಪ್ಲಾಸ್ಟಿಕ್ಕಿನ ಹೊಸ ಹೋಲ್ಸ್ಟರ್ ಇತ್ತು. ಹೊರಡುವ ಮುನ್ನ ನನ್ನದನ್ನು ನೋಡಿ ಅವರು, "ನೀವು ಈ ಮುಚ್ಚಳ ಬಿಚ್ಚಿ ಪಿಸ್ತೂಲು ತೆಗೆಯುವಷ್ಟರಲ್ಲಿ ಕರಡಿ ಊಟ ಮುಗಿಸಿ ಕೈ ತೊಳೆದುಕೊಂಡಿರುತ್ತದೆ" ಎಂದು ನಕ್ಕರು. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಮುಚ್ಚಳವನ್ನು ಎತ್ತಿ, ಅದು ಮತ್ತೆ ಕೈಮೇಲೆ ಬೀಳದಂತೆ ಸರಿಸಿ, ಆಮೇಲೆ ಹಿಡಿಯನ್ನು ಹುಡುಕಬೇಕು. ಅವಸರಕ್ಕೆಂದು ಮಾಡಿದ ವಸ್ತು ಇದಲ್ಲ.

ಮೊದಲ ತೊಂದರೆ ಬಂದದ್ದು ಮುಚ್ಚಳದಿಂದಲ್ಲ, ಸೊಂಟದಿಂದ. ಇದರ ಬೆನ್ನಿಗಿರುವ ಲೋಹದ ಕೊಕ್ಕೆ ಸೇನೆಯ ಎರಡೂಕಾಲು ಇಂಚು ಅಗಲದ ನೇಯ್ದ ಬೆಲ್ಟಿಗೆಂದು ಮಾಡಿದ್ದು. ನಾನು ಅದನ್ನು ಪ್ಯಾಂಟಿನ ಒಂದೂವರೆ ಇಂಚಿನ ಬೆಲ್ಟಿಗೆ ಸಿಕ್ಕಿಸಿದ್ದರಿಂದ ಹೆಜ್ಜೆ ಹೆಜ್ಜೆಗೂ ಹೋಲ್ಸ್ಟರ್ ಮೇಲೆ ಕೆಳಗೆ ಕುಣಿಯುತ್ತಿತ್ತು. ಅದರ ಮೇಲೆ ಬೆನ್ನಚೀಲದ ಸೊಂಟಪಟ್ಟಿಯನ್ನು ಬಿಗಿದಾಗ ಕೊಕ್ಕೆಯ ಅಂಚು ಮೂಳೆಗೆ ಒತ್ತತೊಡಗಿತು. ಒಂದು ಗಂಟೆ ಸಹಿಸಿದ ಮೇಲೆ ನಿಂತು, ಚೀಲದ ತಳದಲ್ಲಿದ್ದ ಅಗಲದ ನೇಯ್ಗೆ ಬೆಲ್ಟನ್ನು ಹೊರತೆಗೆದು, ಸೊಂಟಪಟ್ಟಿಗಿಂತ ಕೆಳಗೆ ಪ್ರತ್ಯೇಕವಾಗಿ ಕಟ್ಟಿಕೊಂಡು ಹೋಲ್ಸ್ಟರನ್ನು ಅದಕ್ಕೆ ಸಿಕ್ಕಿಸಿದೆ. ಕುಣಿತ ನಿಂತಿತು. ಈ ವಸ್ತುವನ್ನು ಅದರದೇ ಬೆಲ್ಟಿನಿಂದ ಬೇರ್ಪಡಿಸಿ ಕೊಳ್ಳುವವರು ಅರ್ಧ ವಸ್ತುವನ್ನಷ್ಟೇ ಕೊಳ್ಳುತ್ತಾರೆ ಎಂದು ಆಗ ಅನ್ನಿಸಿತು.

ಮಧ್ಯಾಹ್ನದ ಹೊತ್ತಿಗೆ ಮಳೆ ಹಿಡಿಯಿತು. ಹಾದಿಯ ಎರಡೂ ಬದಿಯ ಮುಳ್ಳುಪೊದೆಗಳು ತೊಡೆಯನ್ನು ಸವರುತ್ತಿದ್ದವು. ನೈಲಾನಿನ ಮೇಲೆ ಮುಳ್ಳು ಕೀರಿದ ಸದ್ದು ಕೇಳುತ್ತಿತ್ತೇ ಹೊರತು ಒಂದು ಎಳೆಯೂ ಹರಿಯಲಿಲ್ಲ. ಇಂಥ ಬಟ್ಟೆಯ ದಪ್ಪವನ್ನು ಡೆನಿಯರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂಬತ್ತು ಸಾವಿರ ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೆಯೋ ಅಷ್ಟು ಡೆನಿಯರ್. ಹೊರಾಂಗಣದ ಗಟ್ಟಿ ಚೀಲಗಳಿಗೆ ಬಳಸುವ ನೂಲು ಸಾಮಾನ್ಯವಾಗಿ ಸಾವಿರದ ಆಸುಪಾಸಿನಲ್ಲಿರುತ್ತದೆ. ಹಳ್ಳ ದಾಟಿ ದಡ ಹತ್ತುವಾಗ ಕಾಲು ಜಾರಿ ಬಲಮಗ್ಗುಲಾಗಿ ಕೆಸರಿನಲ್ಲಿ ಬಿದ್ದೆ. ಪಿಸ್ತೂಲಿನ ನಳಿಕೆಯಲ್ಲಿ ಗುಂಡು ಇರಲಿಲ್ಲವಾದ್ದರಿಂದ ಭಯವಾಗಲಿಲ್ಲ. ನಾಚಿಕೆ ಮಾತ್ರ ಸಾಕಷ್ಟಾಯಿತು.

ಸಂಜೆ ಗುಡಾರದಲ್ಲಿ ಇಬ್ಬರೂ ಪಿಸ್ತೂಲುಗಳನ್ನು ಹೊರತೆಗೆದೆವು. ಬೀಳದೇ ಬಂದ ಗೆಳೆಯರ ಪಿಸ್ತೂಲಿನ ಹಿಂಬದಿಯಲ್ಲಿ, ಕುದುರೆಯ, ಅಂದರೆ ಗುಂಡು ಹಾರಿಸಲು ಬಡಿಯುವ ಪುಟ್ಟ ಸುತ್ತಿಗೆಯ ಸುತ್ತ, ಎಲೆಯ ಚೂರುಗಳೂ ಮರಳೂ ಸೇರಿಕೊಂಡಿದ್ದವು. ನನ್ನದು ಬೆರೆಟ್ಟಾ 92. ಅದರ ಸ್ಲೈಡಿನ, ಅಂದರೆ ಗುಂಡು ಹಾರಿದಾಗ ಹಿಂದಕ್ಕೆ ಸರಿದು ಮರಳುವ ಉಕ್ಕಿನ ಕವಚದ, ಮೇಲ್ಭಾಗ ತೆರೆದಿದ್ದು ನಳಿಕೆ ಹೊರಗೇ ಕಾಣುವುದರಿಂದ ಕೆಸರು ಹೊಕ್ಕಿದ್ದರೆ ಕೆಲಸ ಕೆಡುತ್ತಿತ್ತು. ಮುಚ್ಚಳದ ಹೊರಮೈ ಪೂರ್ತಿ ಕೆಸರಾಗಿತ್ತು. ಎತ್ತಿ ನೋಡಿದರೆ ಒಳಗೆ ನೀರಿನ ಪಸೆಯ ಹೊರತು ಮಣ್ಣಿನ ಕಣವೂ ಇರಲಿಲ್ಲ. ಗೆಳೆಯರು ಕರಡಿಯ ಮಾತನ್ನು ಮತ್ತೆ ಎತ್ತಲಿಲ್ಲ. ನಾನು ಗೆದ್ದ ಹುಮ್ಮಸ್ಸಿನಲ್ಲಿ ಪಿಸ್ತೂಲನ್ನು ಮೇಲೆ ಮೇಲಷ್ಟೇ ಒರೆಸಿ, ಅದೇ ಹೋಲ್ಸ್ಟರಿನಲ್ಲಿಟ್ಟು ಮುಚ್ಚಳ ಹಾಕಿ ಮಲಗಿದೆ.

ನಾನು ಎಡವಿದ್ದು ಅಲ್ಲಿ. ಚರ್ಮದ ಹೋಲ್ಸ್ಟರಿನಲ್ಲಿ ಆಯುಧವನ್ನು ಬಹಳ ಕಾಲ ಇಡಬಾರದು, ಚರ್ಮ ತೇವವನ್ನು ಹಿಡಿದಿಡುತ್ತದೆ, ಹದ ಮಾಡಲು ಬಳಸಿದ ರಾಸಾಯನಿಕಗಳು ಲೋಹವನ್ನು ತಿನ್ನುತ್ತವೆ ಎಂಬುದನ್ನು ಎಷ್ಟೋ ಸಲ ಕೇಳಿದ್ದೆ. ನೈಲಾನಿಗೆ ಆ ದೋಷವಿಲ್ಲ ಎಂದು ನಾನಾಗಿಯೇ ತೀರ್ಮಾನಿಸಿಕೊಂಡಿದ್ದೆ. ಬೆಳಿಗ್ಗೆ ತೆಗೆದಾಗ ಸ್ಲೈಡಿನ ಅಂಚುಗಳಲ್ಲಿ, ಕಪ್ಪು ಲೇಪ ಸವೆದು ಉಕ್ಕು ಬೆಳ್ಳಗಾಗಿದ್ದ ಕಡೆಯಲ್ಲೆಲ್ಲ, ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು ಎದ್ದಿದ್ದವು. ಅಲ್ಯೂಮಿನಿಯಂ ಚೌಕಟ್ಟಿಗೆ ಏನೂ ಆಗಿರಲಿಲ್ಲ.

ಕಾರಣ ಹೋಲ್ಸ್ಟರಿನ ಒಡಲಲ್ಲೇ ಇತ್ತು. ಹೊರಗಿನ ಬಟ್ಟೆಗೂ ಒಳಗಿನ ಅಸ್ತರಿಗೂ ನಡುವೆ ಇರುವ ಫೋಮು ನೀರನ್ನು ಹೀರುವುದಿಲ್ಲ, ನಿಜ. ಆದರೆ ಗಾಳಿಯನ್ನೂ ಬಿಡುವುದಿಲ್ಲ. ಅಸ್ತರಿನ ನೇಯ್ಗೆಯಲ್ಲಿ, ಹೊಲಿಗೆಯ ತೂತುಗಳಲ್ಲಿ, ಫೋಮಿಗೂ ಬಟ್ಟೆಗೂ ನಡುವೆ ಸೇರಿದ ನೀರು ಹೊರಹೋಗಲು ದಾರಿ ಕಾಣದೆ ಲೋಹಕ್ಕೆ ಒತ್ತಿಕೊಂಡು ರಾತ್ರಿಯಿಡೀ ಕುಳಿತಿತ್ತು. ನೈಲಾನ್ ನೂಲೂ ತನ್ನ ಪಾಲಿಗೆ ಒಂದಿಷ್ಟು ನೀರನ್ನು ಕುಡಿಯುತ್ತದೆ. ಮಣ್ಣನ್ನು ಒಳಗೆ ಬಿಡದ ಮುಚ್ಚಳವೇ ತೇವವನ್ನು ಹೊರಗೆ ಬಿಟ್ಟಿರಲಿಲ್ಲ. ಸಾಲದ್ದಕ್ಕೆ, ಹಳೆಯ ಬಟ್ಟೆಯ ಒಳಮೈಗೆ ಬಳಿದಿದ್ದ ಪಾಲಿಯುರೆಥೇನ್ ಲೇಪ ವಯಸ್ಸಾಗಿ ಅಂಟಂಟಾಗಿ, ಹೊಲಿಗೆ ಸಡಿಲವಾದ ಒಂದು ಮೂಲೆಯಿಂದ ಒಸರಿ ಸ್ಲೈಡಿನ ತುದಿಗೆ ಮೆತ್ತಿಕೊಂಡಿತ್ತು.

ಚುಕ್ಕೆಗಳು ಎಣ್ಣೆ ಹಾಕಿ ಮೆತ್ತಗಿನ ಬಟ್ಟೆಯಿಂದ ಉಜ್ಜಿದಾಗ ಹೋದವು. ಒಂದೆರಡು ಕಡೆ ಮಾತ್ರ ಹತ್ತಿರದಿಂದ ನೋಡಿದರೆ ಕಾಣುವ ಗುಳಿ ಉಳಿದಿದೆ. ಮನೆಗೆ ಬಂದ ಮೇಲೆ ಹೋಲ್ಸ್ಟರನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಮುಚ್ಚಳವನ್ನು ಪೂರ್ತಿ ಬಿಚ್ಚಿ, ನೆರಳಿನಲ್ಲಿ ಬಾಯಿ ಕೆಳಗಾಗಿ ತೂಗುಹಾಕಿದೆ, ಏಕೆಂದರೆ ಬಿಸಿಲಿನಲ್ಲಿ ನೈಲಾನ್ ಬಲ ಕಳೆದುಕೊಳ್ಳುತ್ತದೆ. ಹೊರಮೈ ಮಧ್ಯಾಹ್ನದೊಳಗೆ ಒಣಗಿ ಗರಿಗರಿಯಾಯಿತು. ಮೂರನೆಯ ದಿನ ಬೆಳಿಗ್ಗೆ ಒಳಗೆ ಬೆರಳು ಹಾಕಿ ತಳದ ಹೊಲಿಗೆಯನ್ನು ಮುಟ್ಟಿದೆ. ಅದು ಇನ್ನೂ ತಣ್ಣಗೆ, ತೇವವಾಗಿಯೇ ಇತ್ತು.