ಅಪಾರ್ಟ್‌ಮೆಂಟ್ ಮ್ಯಾನೇಜರ್ ಕೈಯಲ್ಲಿ ಸರ್ಟಿಫಿಕೇಟ್ ಇದ್ದರೆ ಸಾಕೇ?

ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳು ಎಸ್ಟೇಟ್ ಮ್ಯಾನೇಜರ್ ಬೇಕೆಂದು ಹಾಕುವ ಜಾಹೀರಾತುಗಳಲ್ಲಿ ಸಾಮಾನ್ಯವಾಗಿ ಮೂರೇ ಮಾತು: ಯಾವುದಾದರೂ ಪದವಿ, ಐದಾರು ವರ್ಷದ ಅನುಭವ, ಮಾಜಿ ಸೈನಿಕರಿಗೆ ಆದ್ಯತೆ. ನಾಲ್ಕಾರು ಲಿಫ್ಟ್, ಎರಡು ಜನರೇಟರ್, ಒಂದು ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ), ವರ್ಷಕ್ಕೆ ಕೋಟಿ ದಾಟುವ ವಹಿವಾಟು, ಇಷ್ಟನ್ನು ಒಬ್ಬರ ಕೈಗೆ ಒಪ್ಪಿಸಲು ಅಳತೆಗೋಲು ಅಷ್ಟೇ. ಲಿಫ್ಟ್ ಓಡಿಸಲು ಲೈಸೆನ್ಸ್ ಬೇಕು. ಕಾವಲುಗಾರರನ್ನು ಕಳಿಸುವ ಏಜೆನ್ಸಿಗೆ 2005ರ ಪಸಾರಾ, ಅಂದರೆ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯ ಲೈಸೆನ್ಸ್ ಬೇಕು. ಎಸ್‌ಟಿಪಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು. ಇವೆಲ್ಲದರ ಮೇಲೆ ಕುಳಿತು ನೋಡಿಕೊಳ್ಳುವವರಿಗೆ ಮಾತ್ರ ಕರ್ನಾಟಕದಲ್ಲಿ ಯಾವ ಲೈಸೆನ್ಸೂ ಬೇಡ.

ಹಾಗಾಗಿ ಈಚೆಗೆ ಅರ್ಜಿಗಳಲ್ಲಿ ಹೆಸರಿನ ಮುಂದೆ ನಾಲ್ಕೈದು ಇಂಗ್ಲಿಷ್ ಅಕ್ಷರ ಕಂಡರೆ ಕಮಿಟಿಯವರ ಕಣ್ಣು ಅಲ್ಲೇ ನಿಲ್ಲುತ್ತದೆ. ಆ ಅಕ್ಷರಗಳು ಏನು ಹೇಳುತ್ತವೆ, ಏನು ಹೇಳುವುದಿಲ್ಲ ಎಂಬುದು ಗೊತ್ತಿದ್ದರೆ ಒಳ್ಳೆಯದು.

ಈ ವೃತ್ತಿಗೆ ಪರೀಕ್ಷೆ, ಪದವಿ, ನೀತಿಸಂಹಿತೆ ಎಂದೆಲ್ಲ ಚೌಕಟ್ಟು ಹಾಕಿದ್ದರಲ್ಲಿ ಮುಂದಿರುವುದು ಅಮೆರಿಕ. ಅಲ್ಲಿ 1973ರಲ್ಲಿ ಕಮ್ಯುನಿಟಿ ಅಸೋಸಿಯೇಷನ್ಸ್ ಇನ್‌ಸ್ಟಿಟ್ಯೂಟ್, ಅಂದರೆ ಸಿಎಐ, ಹುಟ್ಟಿತು. ಮ್ಯಾನೇಜರ್‌ಗಳ ಪದವಿಗಳಲ್ಲಿ ಮೊದಲ ಮೆಟ್ಟಿಲು ಸಿಎಂಸಿಎ, ಅಂದರೆ ಸರ್ಟಿಫೈಡ್ ಮ್ಯಾನೇಜರ್ ಆಫ್ ಕಮ್ಯುನಿಟಿ ಅಸೋಸಿಯೇಷನ್ಸ್. ಇದರ ಪರೀಕ್ಷೆ ನಡೆಸುವುದು ಸಿಎಐ ಅಲ್ಲ, ಕ್ಯಾಮಿಕ್‌ಬಿ ಎಂಬ ಪ್ರತ್ಯೇಕ ಮಂಡಳಿ. ಪಾಠ ಹೇಳುವವರೇ ಪರೀಕ್ಷೆಯನ್ನೂ ಮಾಡಿ ಪಾಸು ಮಾಡಿದರೆ ಆ ಕಾಗದಕ್ಕೆ ಬೆಲೆ ಕಡಿಮೆ, ಅದಕ್ಕಾಗಿ ಈ ಬೇರ್ಪಡೆ. ಸಿಎಐನ ಎಂ-100 ಎಂಬ ಮೂಲ ಕೋರ್ಸ್ ಮುಗಿಸಿದವರು, ಇಲ್ಲವೇ ಐದು ವರ್ಷ ಕೆಲಸ ಮಾಡಿದವರು, ಇಲ್ಲವೇ ಮಂಡಳಿ ಒಪ್ಪುವ ರಾಜ್ಯ ಲೈಸೆನ್ಸ್ ಇರುವವರು ಕೂರಬಹುದು. 120 ಬಹುಆಯ್ಕೆ ಪ್ರಶ್ನೆ, ಎರಡೂವರೆ ಗಂಟೆ. ಸಭೆ, ಬೈಲಾ, ಬಜೆಟ್, ಮೀಸಲು ನಿಧಿ, ಗುತ್ತಿಗೆ, ವಿಮೆ, ಕಟ್ಟಡದ ನಿರ್ವಹಣೆ ಎಲ್ಲವೂ ಬರುತ್ತವೆ. ಪಾಸಾದ ಮೇಲೂ ಎರಡು ವರ್ಷಕ್ಕೊಮ್ಮೆ 16 ಗಂಟೆ ಮುಂದುವರಿದ ಶಿಕ್ಷಣ ತೋರಿಸಬೇಕು, ವರ್ಷ ವರ್ಷ ಶುಲ್ಕ ಕಟ್ಟಬೇಕು. ಕಟ್ಟದಿದ್ದರೆ ಪದವಿ ಹೋಯಿತು.

ಎರಡನೆಯ ಮೆಟ್ಟಿಲು ಎಎಂಎಸ್ (ಅಸೋಸಿಯೇಷನ್ ಮ್ಯಾನೇಜ್‌ಮೆಂಟ್ ಸ್ಪೆಷಲಿಸ್ಟ್): ಸಿಎಂಸಿಎ ಪಾಸಾಗಿ, ಎರಡು ವರ್ಷ ಕೆಲಸ ಮಾಡಿ, ಎಂ-200 ಸಾಲಿನ ಎರಡು ಕೋರ್ಸ್ ಮುಗಿಸಿದವರಿಗೆ. ತುದಿಯಲ್ಲಿರುವುದು ಪಿಸಿಎಎಂ (ಪ್ರೊಫೆಷನಲ್ ಕಮ್ಯುನಿಟಿ ಅಸೋಸಿಯೇಷನ್ ಮ್ಯಾನೇಜರ್). ಅದಕ್ಕೆ ಐದು ವರ್ಷದ ಅನುಭವ ಮತ್ತು ಎಂ-200 ಸಾಲಿನ ಆರೂ ಕೋರ್ಸ್ ಬೇಕು. ಕೊನೆಗೆ ನಿಜವಾದ ಒಂದು ವಸತಿ ಸಮುಚ್ಚಯಕ್ಕೆ ಹೋಗಿ, ಅದರ ಲೆಕ್ಕ, ಕಟ್ಟಡ, ಕಾನೂನು ದಾಖಲೆ ನೋಡಿ ದೀರ್ಘ ವರದಿ ಬರೆಯಬೇಕು. ನನ್ನ ಮಟ್ಟಿಗೆ ಈ ಮೂರರಲ್ಲಿ ತೂಕವಿರುವುದು ಆ ವರದಿಗೇ. ಬಹುಆಯ್ಕೆ ಪ್ರಶ್ನೆಯಲ್ಲಿ ಸರಿಯುತ್ತರ ಕಣ್ಣೆದುರೇ ಇರುತ್ತದೆ. ಸೋರುತ್ತಿರುವ ಬೇಸ್‌ಮೆಂಟ್‌ನಲ್ಲಿ ಅದನ್ನು ನಾವೇ ಹುಡುಕಬೇಕು.

ಸರ್ಟಿಫಿಕೇಟ್ ಬೇರೆ, ಲೈಸೆನ್ಸ್ ಬೇರೆ. ಸರ್ಟಿಫಿಕೇಟ್ ಸ್ವಇಚ್ಛೆಯದು. ಲೈಸೆನ್ಸ್ ಇಲ್ಲದೆ ಕೆಲಸ ಮಾಡಿದರೆ ಅದು ಅಪರಾಧ. ಫ್ಲಾರಿಡಾದಲ್ಲಿ ಸಂಘ ಹತ್ತಕ್ಕಿಂತ ಹೆಚ್ಚು ಮನೆಗಳದ್ದಾಗಿದ್ದರೆ, ಅಥವಾ ವಾರ್ಷಿಕ ಬಜೆಟ್ ಒಂದು ಲಕ್ಷ ಡಾಲರ್ ದಾಟಿದರೆ, ಸಂಬಳ ಪಡೆದು ನಿರ್ವಹಣೆ ಮಾಡುವವರಿಗೆ ರಾಜ್ಯದ ಲೈಸೆನ್ಸ್ ಕಡ್ಡಾಯ. ನೆವಾಡಾದಲ್ಲಿ 60 ಗಂಟೆ ಪಾಠ ಕೇಳಿ ಪರೀಕ್ಷೆ ಬರೆಯಬೇಕು. ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸೇ ಇಲ್ಲ, ಆದರೆ 'ಸರ್ಟಿಫೈಡ್' ಎಂದು ಹೇಳಿಕೊಳ್ಳಬೇಕಾದರೆ ಇಂತಿಂಥದ್ದು ಕಲಿತಿರಬೇಕು ಎಂದು ಕಾನೂನು ಹೇಳುತ್ತದೆ. ಕೊಲರಾಡೊದಲ್ಲಿ ಲೈಸೆನ್ಸ್ ಬಂತು, 2018ರಲ್ಲಿ ನಿಂತುಹೋಯಿತು, ಮತ್ತೆ ತರಲು ಶಾಸನಸಭೆ ಒಪ್ಪಿದ ಮಸೂದೆಯನ್ನು 2019ರಲ್ಲಿ ರಾಜ್ಯಪಾಲರು ತಡೆದರು. ಗಡಿಯಾಚೆ ಕೆನಡಾದ ಒಂಟಾರಿಯೊದಲ್ಲಿ 2017ರ ನವೆಂಬರ್‌ನಿಂದ ಕಾಂಡೋ ಮ್ಯಾನೇಜರ್‌ಗಳಿಗೂ ಅವರ ಕಂಪನಿಗಳಿಗೂ ಲೈಸೆನ್ಸ್ ಬೇಕು. ಫ್ಲಾರಿಡಾದಲ್ಲೋ ಟೊರಾಂಟೊದಲ್ಲೋ ಮನೆ ಕೊಂಡಿರುವ ಕನ್ನಡಿಗರು ತಮ್ಮ ಮ್ಯಾನೇಜರ್ ಹೆಸರನ್ನು ಲೈಸೆನ್ಸ್ ಕೊಡುವ ಸಂಸ್ಥೆಯ ಜಾಲತಾಣದಲ್ಲಿ ಹಾಕಿ ನೋಡಬಹುದು. ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಎಂದು ತಿಳಿಯಲು ಎರಡು ನಿಮಿಷ ಸಾಕು. ಸಿಎಂಸಿಎ ಪದವೀಧರರ ಪಟ್ಟಿಯೂ ಹಾಗೆಯೇ ಮುಕ್ತವಾಗಿದೆ. ಇಲ್ಲಿಯ ಅರ್ಜಿಯಲ್ಲಿ ಆ ಅಕ್ಷರಗಳು ಕಂಡರೂ ಅದೇ ಪಟ್ಟಿ ನೋಡಿ. ಫ್ರೇಮ್ ಹಾಕಿದ ಕಾಗದದಲ್ಲಿ ಪಾಸಾದ ವರ್ಷ ಇರುತ್ತದೆಯೇ ಹೊರತು ನವೀಕರಣ ತಪ್ಪಿದ ವರ್ಷ ಇರುವುದಿಲ್ಲ.

ಬೆಂಗಳೂರಿಗೆ ಬಂದರೆ, ಆ ಪರೀಕ್ಷೆಯ ಅರ್ಧಕ್ಕರ್ಧ ಪಠ್ಯ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ನಮ್ಮ ಸಂಘ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಕೆಳಗಿದೆಯೋ, 1960ರ ಸಂಘಗಳ ನೋಂದಣಿ ಕಾಯ್ದೆಯ ಕೆಳಗಿದೆಯೋ ಎಂಬುದೇ ಎಷ್ಟೋ ಮ್ಯಾನೇಜರ್‌ಗಳಿಗೆ ತಿಳಿದಿರುವುದಿಲ್ಲ. ಕಮಿಟಿಯವರಿಗೂ ತಿಳಿದಿರುವುದಿಲ್ಲ, ಅದು ಬೇರೆ ಮಾತು. ಸೇನೆಯಿಂದ ಬಂದವರಿಗೆ ಆಳುಗಳನ್ನು ನಿಭಾಯಿಸುವುದು, ಸಮಯಪಾಲನೆ, ದಾಖಲೆ ಬರೆಯುವುದು ಚೆನ್ನಾಗಿ ಬರುತ್ತದೆ. ಜಿಎಸ್‌ಟಿ, ಎಸ್‌ಟಿಪಿಗೆ ಗಾಳಿ ಊದುವ ಬ್ಲೋವರ್, ಬೈಲಾ ಹೇಳುವ ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಅವರೂ ಹೊಸದಾಗಿಯೇ ಕಲಿಯಬೇಕು. ಆದ್ದರಿಂದ ಸಂದರ್ಶನದಲ್ಲಿ 'ನಿಮ್ಮ ಸಾಮರ್ಥ್ಯಗಳೇನು' ಎಂದು ಕೇಳುವುದನ್ನು ಬಿಟ್ಟು ಲೆಕ್ಕ ಕೊಡಿ.

ಮೊದಲ ಲೆಕ್ಕ ಟ್ಯಾಂಕರ್ ನೀರಿನದು. ಸಂಪ್ ಒಳ ಅಳತೆ ಆರು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ. 12,000 ಲೀಟರ್ ಟ್ಯಾಂಕರ್ ಖಾಲಿಯಾದರೆ ನೀರು ಎಷ್ಟು ಏರಬೇಕು? ಉತ್ತರ ಅರ್ಧ ಮೀಟರ್. ಆದರೆ ನಿಜವಾಗಿ ಕೆಲಸ ಮಾಡಿದವರು ಉತ್ತರ ಹೇಳುವ ಮೊದಲು, ಓವರ್‌ಹೆಡ್ ಟ್ಯಾಂಕಿಗೆ ಏರಿಸುವ ಮೋಟರ್ ಆಫ್ ಮಾಡಿ ಅಳೆಯಬೇಕು ಎನ್ನುತ್ತಾರೆ. 40 ಸೆಂಟಿಮೀಟರ್ ಮಾತ್ರ ಏರಿದರೆ 2,400 ಲೀಟರ್ ಬಂದೇ ಇಲ್ಲ. ಒಳಹರಿವಿನ ಪೈಪಿಗೆ ಮೀಟರ್ ಹಾಕಿಸಿದರೆ ಈ ಜಗಳವೇ ಇರುವುದಿಲ್ಲ. ಆದರೂ ಚೀಟಿ ಎಣಿಸಿ ಬಿಲ್ ಪಾಸು ಮಾಡುವ ಕಟ್ಟಡಗಳೇ ಜಾಸ್ತಿ.

ಎರಡನೆಯದು ಡೀಸೆಲ್. ತಿಂಗಳಲ್ಲಿ 400 ಲೀಟರ್ ಹೋಗಿದೆ, ಜನರೇಟರ್ ಮೀಟರ್ 900 ಯೂನಿಟ್ ತೋರಿಸುತ್ತಿದೆ, ಏನು ಹೇಳುತ್ತೀರಿ? ಸರಿಯಾದ ಲೋಡ್ ಇದ್ದರೆ ಲೀಟರಿಗೆ ಮೂರರಿಂದ ಮೂರೂವರೆ ಯೂನಿಟ್ ಸಿಗಬೇಕು, ಇಲ್ಲಿ ಎರಡೂಕಾಲು ಬಂದಿದೆ. ಕಳ್ಳತನ ಎಂದು ತಟ್ಟನೆ ಹೇಳುವವರು ಅರ್ಧ ಸರಿ. ದೊಡ್ಡ ಜನರೇಟರ್ ಮೇಲೆ ಕಾಲು ಭಾಗಕ್ಕಿಂತ ಕಡಿಮೆ ಲೋಡ್ ಇದ್ದರೂ ಇದೇ ಗತಿ. ಲೋಡ್ ಎಷ್ಟಿತ್ತು, ಎಷ್ಟು ಗಂಟೆ ಓಡಿತು, ಟ್ಯಾಂಕಿಗೆ ಕೋಲು ಇಳಿಸಿ ನೋಡುವ ಡಿಪ್ ಅಳತೆ ಬರೆದಿದ್ದಾರೆಯೇ ಎಂದು ತಿರುಗಿ ಕೇಳುವವರನ್ನು ಕೂರಿಸಿ ಕಾಫಿ ಕೊಡಿ.

ಎಸ್‌ಟಿಪಿ ಹತ್ತಿರ ಕರೆದುಕೊಂಡು ಹೋಗಿ. ಗಾಳಿ ಹಾಯಿಸುವ ಏರೇಷನ್ ಟ್ಯಾಂಕಿನ ನೀರನ್ನು ಒಂದು ಲೀಟರ್ ಅಳತೆ ಜಾಡಿಗೆ ತುಂಬಿ 30 ನಿಮಿಷ ಬಿಟ್ಟರೆ ಕೆಸರು 250ರಿಂದ 350 ಮಿಲಿಲೀಟರ್‌ವರೆಗೆ ಕೂತರೆ ಸರಿಯಿದೆ. 600 ದಾಟಿದರೆ ಕೆಸರು ಹೊರಹಾಕಿಲ್ಲ, ಇಲ್ಲವೇ ಅದು ಉಬ್ಬಿಕೊಂಡಿದೆ. ಬಣ್ಣ ಕಂದು, ವಾಸನೆ ಮಣ್ಣಿನದಾಗಿರಬೇಕು. ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲುತ್ತಿಲ್ಲ. ಹೆಚ್ಚಾಗಿ ಆಗುವುದು ಇಷ್ಟೇ: ಕರೆಂಟ್ ಬಿಲ್ ಇಳಿಸಿ ಎಂದು ಕಮಿಟಿ ಹೇಳುತ್ತದೆ, ಆಪರೇಟರ್ ರಾತ್ರಿ ಬ್ಲೋವರ್ ಆಫ್ ಮಾಡುತ್ತಾನೆ, ಆಮ್ಲಜನಕವಿಲ್ಲದೆ ಬ್ಯಾಕ್ಟೀರಿಯಾ ಸಾಯುತ್ತವೆ, ಕೆಲ ದಿನಕ್ಕೆ ಮೊದಲ ಮಹಡಿಯವರು ಕಿಟಕಿ ತೆಗೆಯಲಾಗದೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೂಗಾಡುತ್ತಾರೆ.

ಇನ್ನೊಂದು ಲೆಕ್ಕ ಜಿಎಸ್‌ಟಿಯದು. 40 ಮನೆ, ತಿಂಗಳ ನಿರ್ವಹಣಾ ಶುಲ್ಕ 9,000 ರೂಪಾಯಿ. ವರ್ಷಕ್ಕೆ 43.2 ಲಕ್ಷ, ಅಂದರೆ ನೋಂದಣಿಗಿರುವ 20 ಲಕ್ಷದ ಮಿತಿ ದಾಟಿತು. ಒಬ್ಬ ಸದಸ್ಯರಿಗೆ ತಿಂಗಳಿಗೆ 7,500ರ ವಿನಾಯಿತಿಯೂ ದಾಟಿತು. ತೆರಿಗೆ ಎಷ್ಟರ ಮೇಲೆ? ಕೇಂದ್ರ ಹಣಕಾಸು ಸಚಿವಾಲಯದ 2019ರ ಜುಲೈ ಸುತ್ತೋಲೆ ಪ್ರಕಾರ ಪೂರ್ತಿ 9,000ದ ಮೇಲೆ ಶೇ 18, ಅಂದರೆ 1,620 ರೂಪಾಯಿ. 2021ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿದ ಪ್ರಕಾರ ಹೆಚ್ಚುವರಿ 1,500ರ ಮೇಲೆ ಮಾತ್ರ, ಅಂದರೆ 270. ಎರಡನ್ನೂ ಹೇಳಿ, ನಮ್ಮ ಆಡಿಟರ್ ಬರಹದಲ್ಲಿ ಕೊಟ್ಟ ಅಭಿಪ್ರಾಯದಂತೆ ನಡೆಯೋಣ ಎನ್ನುವವರು ಸಿಕ್ಕರೆ ಬಿಡಬೇಡಿ. ಜೊತೆಗೆ ತಿಂಗಳ ಗಡುವುಗಳು ಬಾಯಲ್ಲೇ ಇರಬೇಕು: ಟಿಡಿಎಸ್ 7ನೇ ತಾರೀಖು, ಪಿಎಫ್ ಮತ್ತು ಇಎಸ್ಐ 15, ಜಿಎಸ್‌ಟಿ ರಿಟರ್ನ್ 20. ಹೌಸ್‌ಕೀಪಿಂಗ್ ಗುತ್ತಿಗೆದಾರ ತನ್ನ ಜನರ ಪಿಎಫ್ ಕಟ್ಟದಿದ್ದರೆ ಕೊನೆಗೆ ಅದು ಸಂಘದ ತಲೆಗೇ ಬರಬಹುದು. ಆದ್ದರಿಂದ ಹಿಂದಿನ ತಿಂಗಳ ಚಲನ್ ಮತ್ತು ಕಾರ್ಮಿಕರ ಹೆಸರಿನ ಪಟ್ಟಿ ಲಗತ್ತಿಸದ ಬಿಲ್ಲನ್ನು ಮ್ಯಾನೇಜರ್ ಮುಂದಕ್ಕೆ ಕಳಿಸಲೇಬಾರದು.

ಇಷ್ಟೆಲ್ಲ ಬಲ್ಲವರು ಸಿಕ್ಕಿದರೂ ಅದು ತಿಳುವಳಿಕೆಯ ಮಾತಾಯಿತು, ನಂಬಿಕೆಯದಲ್ಲ. ಸಿಎಂಸಿಎ ನೀತಿಸಂಹಿತೆಯಿಂದ ಎರಡು ಅಂಶಗಳನ್ನು ಎತ್ತಿಕೊಂಡು ಇಲ್ಲಿಯ ನೇಮಕಾತಿ ಪತ್ರಕ್ಕೆ ಸೇರಿಸಬೇಕು ಎಂದು ನಾನು ಹೇಳುವುದು ಅದಕ್ಕೇ. ಒಂದು, ತೀರ್ಮಾನವನ್ನು ಬಾಗಿಸುವಂಥ ಉಡುಗೊರೆ, ಕಮಿಷನ್ ಯಾರಿಂದಲೂ ಪಡೆಯುವಂತಿಲ್ಲ. ಎರಡು, ದಾಖಲೆಗಳೆಲ್ಲ ಸಂಘದ ಆಸ್ತಿ, ಕೆಲಸ ಬಿಡುವಾಗ ಹಿಂದಿರುಗಿಸಬೇಕು.

ಕಮಿಷನ್ ಕಾಣಿಸಿಕೊಳ್ಳುವುದು ಕೊಟೇಶನ್‌ನಲ್ಲಿ. ಮೂರು ಕೊಟೇಶನ್ ತರಬೇಕೆಂಬ ನಿಯಮ ಎಲ್ಲ ಕಡೆ ಇದೆ, ಮೂರನ್ನೂ ಒಬ್ಬನೇ ಟೈಪ್ ಮಾಡಿಸಿರುವುದೂ ಇದೆ. ಒಂದೇ ಕಾಗುಣಿತ ತಪ್ಪು ಮೂರರಲ್ಲೂ ಇದೆಯೇ, ಬೆಲೆಗಳು ಒಂದಕ್ಕೊಂದು ಸರಿಯಾಗಿ ಶೇ 10 ಹೆಚ್ಚಿವೆಯೇ ನೋಡಿ. ಜಿಎಸ್‌ಟಿ ಸಂಖ್ಯೆಯನ್ನು ಪೋರ್ಟಲ್‌ನಲ್ಲಿ ಹಾಕಿದರೆ ಸಂಸ್ಥೆಯ ಹೆಸರು, ನೋಂದಣಿ ಜೀವಂತವಿದೆಯೇ ಎಂಬುದು ತಿಳಿಯುತ್ತದೆ. ಒಂದು ಕೊಟೇಶನ್ನನ್ನಾದರೂ ಕಮಿಟಿಯವರೇ ನೇರವಾಗಿ ತರಿಸಿಕೊಳ್ಳಿ.

ಹಣದ ವಿಷಯದಲ್ಲಿ ಮ್ಯಾನೇಜರ್ ಒಳ್ಳೆಯವರೋ ಕೆಟ್ಟವರೋ ಎಂಬ ಪ್ರಶ್ನೆಯೇ ಏಳದಂತೆ ವ್ಯವಸ್ಥೆ ಇರಬೇಕು. ನೆಟ್‌ಬ್ಯಾಂಕಿಂಗ್‌ನಲ್ಲಿ ಅವರು ಪಾವತಿ ನಮೂದಿಸಲಿ, ಮಂಜೂರು ಮಾಡುವ ಇಬ್ಬರು ಪದಾಧಿಕಾರಿಗಳು ಬೇರೆ ಇರಲಿ. ಒಟಿಪಿ ಬರುವ ಫೋನ್ ಕಚೇರಿಯ ಮೇಜಿನ ಮೇಲೆ ಬಿದ್ದಿದ್ದರೆ ಈ ಏರ್ಪಾಡು ಬರೀ ತೋರಿಕೆ. ಬ್ಯಾಂಕ್ ಸ್ಟೇಟ್‌ಮೆಂಟ್ ಖಜಾಂಚಿಗೆ ಬ್ಯಾಂಕಿನಿಂದಲೇ ನೇರವಾಗಿ ಬರಲಿ. ಮ್ಯಾನೇಜರ್ ಪ್ರಿಂಟ್ ತೆಗೆದು ಕೊಡುವುದು ಬೇಡ, ಪಿಡಿಎಫ್ ತಿದ್ದುವುದು ಈಗ ಮಕ್ಕಳಾಟ. ಪ್ರತಿ ತಿಂಗಳು 10ರೊಳಗೆ ಬ್ಯಾಂಕ್ ಬಾಕಿಗೂ ಪುಸ್ತಕದ ಬಾಕಿಗೂ ತಾಳೆ ಪಟ್ಟಿ ಆಗಬೇಕು. ಚಿಲ್ಲರೆ ಖರ್ಚಿಗೆ ಒಂದು ಮಿತಿ ಹಾಕಿ, ವೋಚರ್ ಕೊಟ್ಟಷ್ಟನ್ನೇ ಮತ್ತೆ ತುಂಬಿ. ಸಂಘ ದೊಡ್ಡದಾಗಿದ್ದರೆ ಹಣ ಮುಟ್ಟುವವರೆಲ್ಲರ ಮೇಲೆ ಫಿಡೆಲಿಟಿ ಗ್ಯಾರಂಟಿ (ಅವರ ವಂಚನೆಯಿಂದಾದ ನಷ್ಟ ತುಂಬಿಕೊಡುವ) ವಿಮೆ ಮಾಡಿಸಿ, ಇಲ್ಲಿಯ ವಿಮಾ ಕಂಪನಿಗಳೇ ಕೊಡುತ್ತವೆ. ಇಂಥ ಏರ್ಪಾಡನ್ನು ಒಳ್ಳೆಯ ಮ್ಯಾನೇಜರ್ ತಾವಾಗಿ ಕೇಳುತ್ತಾರೆ, ಏಕೆಂದರೆ ನಾಳೆ ಆರೋಪ ಬಂದಾಗ ಅವರನ್ನು ಕಾಯುವುದೂ ಇದೇ.

ಹಳೆಯ ಜಾಗದಲ್ಲಿ ವಿಚಾರಿಸುವಾಗ ಅರ್ಜಿಯಲ್ಲಿ ಬರೆದ ಫೋನ್ ನಂಬರಿಗೆ ಮಾತ್ರ ಮಾಡಬೇಡಿ. ಆ ಕಟ್ಟಡಕ್ಕೆ ಹೋಗಿ ಈಗಿನ ಖಜಾಂಚಿಯನ್ನು ಕಾಣಿ. 'ಹೇಗಿದ್ದರು' ಎಂದರೆ 'ಪಾಪ, ಒಳ್ಳೆಯವರು' ಎಂದೇ ಉತ್ತರ ಬರುವುದು. ಅವರು ಬಿಟ್ಟುಹೋದ ಮೇಲೆ ಯಾವ ಕಾಗದ ಸಿಗಲಿಲ್ಲ ಎಂದು ಕೇಳಿ.

ಏಕೆಂದರೆ ಹೆಚ್ಚು ನಷ್ಟ ಆಗುವುದು ಆ ಹಂತದಲ್ಲೇ. ಫ್ಲಾರಿಡಾದಲ್ಲಿ 2024ರ ಕಾನೂನು ಒಪ್ಪಂದ ಮುಗಿದ 20 ಕೆಲಸದ ದಿನಗಳೊಳಗೆ ದಾಖಲೆ ಒಪ್ಪಿಸಬೇಕೆಂದು ಮ್ಯಾನೇಜರ್‌ಗಳಿಗೆ ಹೇಳಿದೆ. ಇಲ್ಲಿ ಅದು ಒಪ್ಪಂದದಲ್ಲಿ ಬರೆದರೆ ಮಾತ್ರ ಉಂಟು. ಹಸ್ತಾಂತರ ಪಟ್ಟಿಯನ್ನು ಸೇರುವ ದಿನವೇ ಮಾಡಿ ಸಹಿ ಹಾಕಿಸಿ: ಲಿಫ್ಟ್ ಲೈಸೆನ್ಸ್, ಎಎಂಸಿ (ಯಂತ್ರಗಳ ವಾರ್ಷಿಕ ನಿರ್ವಹಣೆ) ಒಪ್ಪಂದಗಳು, ವಿಮೆ, ಕಟ್ಟಡದ ನಕ್ಷೆ, ಪ್ಲಂಬಿಂಗ್ ಮತ್ತು ವಿದ್ಯುತ್ ನಕ್ಷೆ, ಸಭೆಯ ನಡಾವಳಿ ಪುಸ್ತಕ, ಕೀಲಿಗಳು, ಸಿಸಿಟಿವಿಯ ಅಡ್ಮಿನ್ ಪಾಸ್‌ವರ್ಡ್. ಜಿಎಸ್‌ಟಿ, ಟಿಡಿಎಸ್, ಬೆಸ್ಕಾಂ, ಜಲಮಂಡಳಿ ಖಾತೆಗಳಿಗೆ ನೋಂದಾಯಿಸಿದ ಮೊಬೈಲ್ ಮತ್ತು ಇಮೇಲ್ ಸಂಘದ ಹೆಸರಿನದಾಗಿರಲಿ, ಸಿಮ್ ಸಂಘದ ಕೈಯಲ್ಲಿರಲಿ. ಕೆಲಸ ಬಿಡುವಾಗ ಕೊನೆಯ ತಿಂಗಳಲ್ಲಿ ಹಳಬರೂ ಹೊಸಬರೂ ಕನಿಷ್ಠ ಒಂದು ವಾರ ಜೊತೆಗಿದ್ದು, ಅದೇ ಪಟ್ಟಿ ಹಿಡಿದು ಒಂದೊಂದಾಗಿ ತೆರೆದು ನೋಡಿ, ಪ್ರತಿ ಪಾಸ್‌ವರ್ಡ್ ಅಲ್ಲೇ ಬದಲಿಸಿ ಸಹಿ ಮಾಡಬೇಕು. ಅನುಭವ ಪತ್ರವನ್ನು ಆ ಸಹಿ ಬಿದ್ದ ದಿನವೇ ಕೊಟ್ಟುಬಿಡಿ, ತಡ ಮಾಡಬೇಡಿ. ಅದರಲ್ಲಿ ಎಷ್ಟು ಮನೆ, ಎಷ್ಟು ಬಜೆಟ್, ಯಾವ ಯಾವ ಯಂತ್ರ ನೋಡಿಕೊಂಡರು, ಹಸ್ತಾಂತರ ಪೂರ್ತಿಯಾಯಿತೇ ಎಂದು ಬರೆಯಿರಿ.