ಹಂಡೆ ಕಾದಿದೆ ಕಣ್ರೋ: ‘ಕಾಮೆನ್ ರೈಡರ್ ರಿವೈಸ್’ ಕನ್ನಡಕ್ಕೆ ತರುವ ಕೆಲಸ ಎಲ್ಲಿಗೆ ಬಂತು

ಜೂನ್

ಅಮ್ಮನಿಗೆ ಈ ಸೀರಿಯಲ್ ತೋರಿಸಬೇಕು ಅನ್ನುವುದು ಎರಡು ವರ್ಷದ ಆಸೆ. ಅಮ್ಮನಿಗೆ ಜಪಾನಿ ಬರುವುದಿಲ್ಲ. ಇಂಗ್ಲಿಷ್ ಸಬ್‌ಟೈಟಲ್ ಹಾಕಿದರೆ ಅರ್ಧ ಓದುವಷ್ಟರಲ್ಲಿ ಸಾಲು ಹೋಗಿಬಿಟ್ಟಿರುತ್ತದೆ. ಹಾಗಾಗಿ ಮಾತುಗಳನ್ನೆಲ್ಲ ಕನ್ನಡದಲ್ಲಿ ನೋಟ್‌ಬುಕ್ಕಿಗೆ ಬರೆದುಕೊಂಡು, ಟೀವಿಯ ಪಕ್ಕ ಕೂತು ನಾನೇ ಓದುವುದು ಅಂತ ತೀರ್ಮಾನ ಮಾಡಿದೆ. ಇದು ಮನೆಯೊಳಗಿನ ಕೆಲಸ, ಮನೆಯವರಿಗಾಗಿ.

ಗೊತ್ತಿಲ್ಲದವರಿಗೆ ಎರಡು ಮಾತು. ಇಶಿನೊಮೊರಿ ಶೋತಾರೊ ಕಟ್ಟಿದ ಕಾಮೆನ್ ರೈಡರ್ ಅನ್ನುವ ಮುಖವಾಡದ ಹೀರೋ ಜಪಾನಿನ ಟೀವಿಗೆ ಬಂದದ್ದು 1971ರಲ್ಲಿ. ಅದಕ್ಕೆ 50 ವರ್ಷ ತುಂಬಿದಾಗ ಮಾಡಿದ ಸೀರಿಯಲ್ಲೇ ‘ರಿವೈಸ್’. 2021ರ ಸೆಪ್ಟೆಂಬರ್ 5ರಿಂದ 2022ರ ಆಗಸ್ಟ್ 28ರವರೆಗೆ, ಭಾನುವಾರ ಬೆಳಿಗ್ಗೆ 9ಕ್ಕೆ ಟೀವಿ ಅಸಾಹಿಯಲ್ಲಿ ಬರುತ್ತಿತ್ತು. ಒಟ್ಟು 50 ಕಂತು. ಅಷ್ಟನ್ನೂ ಬರೆಯುವುದು ನನ್ನ ಕೈಲಾಗದು. 14 ಕಂತು ಆರಿಸಿಕೊಂಡಿದ್ದೇನೆ. ಉಳಿದದ್ದನ್ನು ನಡುವೆ ಬಾಯಲ್ಲಿ ಹೇಳಿಬಿಡುತ್ತೇನೆ.

ಕಥೆ ಇಗರಾಶಿ ಅನ್ನುವ ಒಂದು ಮನೆಯದ್ದು. ಅವರು ‘ಶಿಯಾವಸೆ ಯು’ ಅನ್ನುವ ಸೆಂತೋ ನಡೆಸುತ್ತಾರೆ. ಸೆಂತೋ ಅಂದರೆ ಊರವರೆಲ್ಲ ದುಡ್ಡು ಕೊಟ್ಟು ಸ್ನಾನಕ್ಕೆ ಬರುವ ಜಾಗ. ಅಪ್ಪ ಗೆಂತಾ, ಅಮ್ಮ ಯುಕಿಮಿ, ದೊಡ್ಡ ಮಗ ಇಕ್ಕಿ, ಎರಡನೆಯವನು ದೈಜಿ, ಕೊನೆಯವಳು ಸಕುರಾ. ಈ ಲೋಕದಲ್ಲಿ ಪ್ರತಿಯೊಬ್ಬ ಮನುಷ್ಯನ ಒಳಗೂ ಒಂದು ‘ಅಕುಮಾ’ ಇರುತ್ತದೆ. ಇಕ್ಕಿಯ ಒಳಗಿನವನ ಹೆಸರು ವೈಸ್. ಇಬ್ಬರೂ ಕರಾರು ಮಾಡಿಕೊಂಡು, ಮೊಹರು ಒತ್ತಿ, ಇಬ್ಬರು ರೈಡರ್ ಆಗಿ ಒಟ್ಟಿಗೆ ಹೋರಾಡುತ್ತಾರೆ.

ಮೊದಲ ಕಂತಿನ ಹೆಸರೇ ಎರಡು ದಿನ ತಿಂದಿತು. ಕಝೊಕು! ಕೆಯಾಕು! ಅಕುಮಾ ಸಸಾಯಕು! ಮನೆಮಂದಿ, ಕರಾರು, ದೆವ್ವ ಪಿಸುಗುಟ್ಟುತ್ತದೆ ಅಂತ ಅರ್ಥ. ಮೂರೂ ‘ಕು’ದಲ್ಲೇ ಮುಗಿಯುತ್ತವೆ. ನಮ್ಮಲ್ಲಿ ಕೊನೆಗಿಂತ ಮೊದಲು ಕೂಡಿಸುವುದು ಸುಲಭ. ‘ಕುಟುಂಬ! ಕರಾರು! ಕಿವಿಯೊಳಗೆ ದೆವ್ವ!’ ಅಂತ ಬರೆದೆ. ಜೋರಾಗಿ ಓದಿ ನೋಡಿದೆ. ಚೆನ್ನಾಗಿ ಕೂತಿದೆ.

ಜುಲೈ

ಅಕುಮಾಗೆ ಯಾವ ಪದ? ಇದೊಂದು ತೀರ್ಮಾನ ಆಗದೆ ಮುಂದೆ ಹೋಗುವ ಹಾಗೇ ಇರಲಿಲ್ಲ. ರಾಕ್ಷಸ ಅಂದರೆ ಯಕ್ಷಗಾನದ ಮೀಸೆ ಕಣ್ಣಿಗೆ ಬರುತ್ತದೆ, ಅವನು ಹೊರಗಿನವನು. ಭೂತ ಅನ್ನುವಂತಿಲ್ಲ. ನಮ್ಮ ಕರಾವಳಿಯಲ್ಲಿ ಭೂತಕ್ಕೆ ಕೋಲ ಕಟ್ಟಿ ಕೈಮುಗಿಯುತ್ತಾರೆ, ಅಲ್ಲಿಯ ನಂಟರು ಮನೆಗೆ ಬಂದಾಗ ಈ ನೋಟ್‌ಬುಕ್ ತೆರೆಯುವುದು ಹೇಗೆ? ಪಿಶಾಚಿ ಬಯ್ಗುಳವಾಗಿಬಿಟ್ಟಿದೆ. ಕೊನೆಗೆ ‘ದೆವ್ವ’ವನ್ನೇ ಇಟ್ಟುಕೊಂಡೆ. ಅದರಲ್ಲಿ ಹೆದರಿಕೆಯೂ ಇದೆ, ಸಲುಗೆಯೂ ಇದೆ. ಅಮ್ಮ ನಮ್ಮನ್ನು ಚಿಕ್ಕವರಿದ್ದಾಗ ‘ದೆವ್ವದ ಹಾಗೆ ತಿನ್ನಬೇಡ್ರೋ’ ಅಂತ ಗದರುತ್ತಿದ್ದಳಲ್ಲ, ಆ ದೆವ್ವ. ವೈಸ್‌ಗೆ ಅದು ಸರಿಯಾಗಿ ಹೊಂದುತ್ತದೆ, ಶುರುವಿನಲ್ಲಿ ಅವನಿಗೆ ಮನುಷ್ಯರನ್ನೇ ತಿನ್ನುವ ಆಸೆ.

ವೈಸ್‌ಗೆ ದನಿ ಕೊಟ್ಟವರು ಕಿಮುರಾ ಸುಬಾರು. ಡೋರೇಮಾನ್‌ನಲ್ಲಿ ನೊಬಿತಾನಿಗೆ ಗುದ್ದುವ ಜಿಯಾನ್ ಇದ್ದಾನಲ್ಲ, 2005ರಿಂದ ಅವನ ಜಪಾನಿ ದನಿಯೂ ಇವರದ್ದೇ. ವೈಸ್ ತನ್ನನ್ನು ‘ಒರೆ’ ಅನ್ನುವುದಿಲ್ಲ, ‘ಒರೆಚ್ಚಿ’ ಅನ್ನುತ್ತಾನೆ. ಎರಡಕ್ಕೂ ‘ನಾನು’ ಅಂತಲೇ ಅರ್ಥ, ಎರಡನೆಯದರಲ್ಲಿ ಸ್ವಲ್ಪ ಕುಣಿತ ಜಾಸ್ತಿ. ಜಪಾನಿಯಲ್ಲಿ ‘ನಾನು’ಗೆ ಎಷ್ಟೊಂದು ಪದ! ನಮಗೆ ಒಂದೇ. ಬಹಳ ದಿನ ತಲೆ ಕೆಡಿಸಿಕೊಂಡೆ. ಒಂದು ದಿನ ಬಸ್ಸಿನಲ್ಲಿ ಹಿಂದಿನ ಸೀಟಿನ ಹುಡುಗ ಫೋನಿನಲ್ಲಿ ‘ನಮ್ದು ಎರಡು ಸ್ಟಾಪ್ ಐತೆ ಗುರು’ ಅಂದ. ಅವನೊಬ್ಬನೇ ಇದ್ದ. ಆದರೂ ನಮ್ದು! ವೈಸ್ ಸಿಕ್ಕಿಬಿಟ್ಟ. ನನ್ನ ಕನ್ನಡದಲ್ಲಿ ವೈಸ್ ಯಾವತ್ತೂ ‘ನಂದು’ ಅನ್ನುವುದಿಲ್ಲ, ‘ನಮ್ದು’ ಅನ್ನುತ್ತಾನೆ. ಅವನು ಇಕ್ಕಿಯ ಒಳಗೇ ಹುಟ್ಟಿದವನು, ಒಬ್ಬನೇ ಅನ್ನುವುದು ಅವನಿಗೆ ಗೊತ್ತೇ ಇಲ್ಲ.

ಇಕ್ಕಿಯನ್ನು ಎಲ್ಲರೂ ಕರೆಯುವುದು ‘ನಿಹೊನ್‌ಇಚಿ ನೊ ಓಸೆಕ್ಕೈ’ ಅಂತ. ಕೇಳದಿದ್ದರೂ ಹೋಗಿ ಇನ್ನೊಬ್ಬರ ಕಷ್ಟಕ್ಕೆ ಕೈಹಾಕುವವನು, ಅದರಲ್ಲಿ ಜಪಾನಿಗೇ ಮೊದಲನೆಯವನು. ಇದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಊರ ಉಸಾಬರಿ! ನಮ್ಮ ಪದದಲ್ಲಿ ಬೈಗುಳದ ಪಾಲು ಸ್ವಲ್ಪ ಜಾಸ್ತಿ, ಆದರೆ ಪ್ರೀತಿಯಿಂದ ಬೈದರೆ ಸರಿಹೋಗುತ್ತದೆ.

ಆಗಸ್ಟ್

ಈ ತಿಂಗಳ ಸಂತೋಷ ಒಂದೇ ಸಾಲು. ಹೋರಾಟಕ್ಕೆ ಇಳಿಯುವಾಗ ಇಕ್ಕಿ ‘ವಾಇತೆ ಕಿತಾ ಝೆ!’ ಅನ್ನುತ್ತಾನೆ. ಇಂಗ್ಲಿಷಿನಲ್ಲಿ ನೋಡಿದಾಗ ‘ನನಗೆ ಹುರುಪು ಬಂತು’ ಅನ್ನುವ ಹಾಗೆ ಏನೋ ಇತ್ತು. ಅದಕ್ಕೆ ಉಪ್ಪೂ ಇಲ್ಲ, ಖಾರವೂ ಇಲ್ಲ. ಆ ಪದ ನೀರು ಕಾಯುವುದಕ್ಕೂ ಹೇಳುವುದೇ. ಜಪಾನಿನ ಮನೆಗಳಲ್ಲಿ ಸಂಜೆ ಸ್ನಾನದ ನೀರು ಬಿಸಿಯಾದಾಗ ಇದೇ ಮಾತು. ಸ್ನಾನದ ಅಂಗಡಿಯ ಹುಡುಗ, ಹೋರಾಟದಲ್ಲೂ ಅವನ ಬಾಯಿಗೆ ಮನೆಯ ಮಾತೇ ಬರುತ್ತದೆ.

ಏನೇನೋ ಬರೆದೆ. ‘ರಕ್ತ ಕುದೀತಿದೆ’ ಅಂದರೆ ಸಿನಿಮಾ ಆಯಿತು. ‘ಕಾವೇರಿತು’ ಅಂದರೆ ಪೇಪರಿನ ಚುನಾವಣೆ ಸುದ್ದಿ. ಅಮ್ಮ ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದಳು. ಅಮ್ಮ ಬೆಳೆದದ್ದು ಮಲೆನಾಡಿನಲ್ಲಿ, ಅಡಿಕೆ ಸಿಪ್ಪೆ ಹಾಕಿ ಬಚ್ಚಲೊಲೆ ಉರಿಸುವ ಮನೆಯಲ್ಲಿ.

‘ಸ್ನಾನದ ಮನೆಯವನು ತಾನೇ? ಹಂಡೆ ಕಾದಿದೆ ಅನ್ನಲಿ ಬಿಡು.’

ಹಂಡೆ ಕಾದಿದೆ ಕಣ್ರೋ! ಬರೆದು ನೋಡಿದರೆ ಎಲ್ಲವೂ ಇದೆ. ಕರೆಯುವ ದನಿ ಇದೆ, ಸವಾಲು ಇದೆ, ಮನೆ ಇದೆ. ನೋಟ್‌ಬುಕ್ಕಿನ ಮೇಲಿನ ರಟ್ಟಿಗೂ ಅದನ್ನೇ ಬರೆದಿದ್ದೇನೆ.

ಅಮ್ಮನಿಗೆ ಸೆಂತೋ ಬಗ್ಗೆ ಕೇಳಿದಷ್ಟೂ ಸಾಲದು. ಗೋಡೆ ತುಂಬ ಫೂಜಿ ಬೆಟ್ಟದ ಚಿತ್ರ ಬರೆಯುವ ರೂಢಿ ಶುರುವಾದದ್ದು 1912ರಲ್ಲಿ, ಟೋಕಿಯೊದ ಕಾಂದಾದಲ್ಲಿದ್ದ ಕಿಕಾಯ್ ಯು ಅನ್ನುವ ಸ್ನಾನದ ಮನೆಯಲ್ಲಿ. ಮೊದಲು ಹೊರಗೇ ಮೈ ಉಜ್ಜಿ ತೊಳೆದುಕೊಂಡು, ಆಮೇಲೆ ತೊಟ್ಟಿಗೆ ಇಳಿಯಬೇಕು. ತೊಟ್ಟಿ ಎಲ್ಲರದ್ದೂ. ಬಾಸು, ಕೂಲಿಯವ, ಅಜ್ಜ, ಮೊಮ್ಮಗ, ಎಲ್ಲರೂ ಬಟ್ಟೆ ಕಳಚಿ ಒಂದೇ ನೀರಿನಲ್ಲಿ. ಒಳಗಿರುವುದನ್ನು ಬಚ್ಚಿಡುವವರ ಕಥೆಗೆ ಇಂಥ ಮನೆಯನ್ನು ಆರಿಸಿದ್ದು ಸುಮ್ನೆ ಅಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಸೆಪ್ಟೆಂಬರ್

ಸಕುರಾಳ ಭಾಗ ಮುಗಿಯಿತು. ಅವಳು ಕರಾಟೆ ಕಲಿತವಳು, ತಾನು ಗಟ್ಟಿಗಿತ್ತಿ ಅಂತಲೇ ನಂಬಿದವಳು. ರೈಡರ್ ಆಗಲು ಸೊಂಟಕ್ಕೆ ಒಂದು ಬೆಲ್ಟು ಕಟ್ಟಿಕೊಳ್ಳಬೇಕು, ಆ ಬೆಲ್ಟು ಅವಳನ್ನು ಒಪ್ಪುವುದಿಲ್ಲ. ತನಗೂ ಅಳುಕಿದೆ ಅಂತ ಒಪ್ಪಿಕೊಂಡ ಮೇಲೆ ಅವಳ ದೆವ್ವ ಹೊರಗೆ ಬರುತ್ತದೆ. ಅಣ್ಣಂದಿರ ದೆವ್ವಗಳ ಹಾಗಲ್ಲ, ಲವ್‌ಕೋವ್ ಅನ್ನುವ ಪುಟ್ಟ ಮುದ್ದು ಜೀವ. ಅದು ಅವಳ ಅಳುಕೇ. ಅದನ್ನು ಎತ್ತಿಕೊಂಡೇ ಅವಳು ಹೋರಾಡುತ್ತಾಳೆ. ಇದನ್ನು ಬರೆಯುವುದು ಬೇಗ ಆಯಿತು, ಕಥೆಯೇ ತಿಳಿಯಾಗಿದೆ.

ಅಪ್ಪ ಗೆಂತಾನ ಕಂತುಗಳು ಹಾಗಲ್ಲ. ಅವನ ಮೊದಲಿನ ಹೆಸರು ಶಿರನಾಮಿ ಜುನ್ಪೆ. ಗಿಫ್ ಅನ್ನುವ ದೆವ್ವಗಳ ಮೂಲಪುರುಷನ ಜೀವಕೋಶ ಮೈಗೆ ಹಾಕಿಸಿಕೊಂಡು, ಪ್ರಯೋಗದ ಇಲಿಯಾಗಿದ್ದು, ತಪ್ಪಿಸಿಕೊಂಡು ಬಂದವನು. ಹೆಂಡತಿ ಮಕ್ಕಳ ಮುಂದೆ ನಗುನಗುತ್ತಾ ಎಲ್ಲವನ್ನೂ ಮುಚ್ಚಿಟ್ಟವನು. ಅವನ ದೆವ್ವ ವೇಲ್ ಅವನನ್ನು ದ್ವೇಷಿಸುತ್ತದೆ. ಇಲ್ಲಿ ಕಥೆಯ ಗಂಟುಗಳು ಜಾಸ್ತಿ, ಹೆಸರುಗಳೂ ಜಾಸ್ತಿ. ಅಮ್ಮನಿಗೆ ಒಂದು ಸಂಜೆ ಕೂತು ಬಾಯಲ್ಲೇ ಹೇಳಿದೆ.

ದೀಪಾವಳಿ

ನೀರು ತುಂಬುವ ಹಬ್ಬದ ಸಂಜೆ ತಮ್ಮ ಊರಿಂದ ಬಂದ. ಅಮ್ಮ ಹಂಡೆ ಉಜ್ಜಿ, ಸುಣ್ಣ ಜಾಜಿ ಬಳಿದು, ನೀರು ತುಂಬಿಸಿಟ್ಟಿದ್ದಳು. ರಾತ್ರಿ ಊಟ ಆದ ಮೇಲೆ ದೈಜಿಯ ಕಂತು ಹಾಕಿದೆ.

ದೈಜಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ದೆವ್ವಗಳ ವಿರುದ್ಧ ನಿಂತ ಫೀನಿಕ್ಸ್ ಪಡೆಯಲ್ಲಿ ಅವನಿಗೆ ಕೆಲಸ. ರೈಡರ್ ಆಗಬೇಕಾಗಿದ್ದವನು ಅವನೇ. ಆ ಗಳಿಗೆ ಬಂದಾಗ ಹೆದರಿ ನಿಂತುಬಿಡುತ್ತಾನೆ. ಅಣ್ಣ ಆ ಬೆಲ್ಟು ಹಾಕಿಕೊಂಡು ಹೀರೋ ಆಗುತ್ತಾನೆ. ಯಾರೂ ದೈಜಿಯನ್ನು ಬಯ್ಯುವುದಿಲ್ಲ, ಅದೇ ಅವನಿಗೆ ಚುಚ್ಚುತ್ತದೆ. ಅವನ ಒಳಗಿನ ಕಗೆರೋ ಮೆಲ್ಲಗೆ ಅವನ ಮೈಯನ್ನೇ ಹಿಡಿದು, ಈವಿಲ್ ಅನ್ನುವ ಕಪ್ಪು ರೈಡರ್ ಆಗಿ ಅಣ್ಣನ ಮೇಲೆ ಬೀಳುತ್ತಾನೆ. ಆಮೇಲೆ ದೈಜಿ ಅವನನ್ನು ಹಿಂದಿಕ್ಕಿ ಬಿಳಿಯ ಲೈವ್ ಆಗುತ್ತಾನೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ತಿರುಗಿಸಿದರೆ ಲೈವ್‌ನೇ ಈವಿಲ್. ಅದನ್ನು ಕನ್ನಡಕ್ಕೆ ತರಲು ಆಗಲಿಲ್ಲ, ಹೆಸರುಗಳನ್ನು ಹಾಗೇ ಬಿಟ್ಟೆ. ‘ಶಿರೊ ಕುರೊ ತ್ಸುಕೆಯೋ’ ಅನ್ನುವ ಮಾತಿಗೆ ಮಾತ್ರ ‘ಕಪ್ಪೋ ಬಿಳುಪೋ ಇವತ್ತೇ ತೀರ್ಮಾನ ಆಗಲಿ’ ಅಂತ ಮಾಡಿದ್ದೇನೆ.

ಇಂಗ್ಲಿಷಿನಲ್ಲಿ ದೈಜಿ ಅಣ್ಣನನ್ನು ಬರೀ ‘ಇಕ್ಕಿ’ ಅಂತ ಕರೆಯುತ್ತಿದ್ದ. ಜಪಾನಿಯಲ್ಲಿ ಅದು ‘ನೀಚಾನ್’. ಅಣ್ಣ. ಜಗಳವಾಡುವಾಗಲೂ ಅಣ್ಣ, ಕೊಲ್ಲಲು ಬಂದಾಗಲೂ ಅಣ್ಣ. ಕನ್ನಡದಲ್ಲಿ ಆ ಒಂದು ಪದ ಇಟ್ಟ ತಕ್ಷಣ ದೃಶ್ಯ ಬೇರೆಯೇ ಆಯಿತು.

ಕಗೆರೋನ ಮಾತುಗಳನ್ನು ತಮ್ಮ ಓದಿದ. ಅವನ ದನಿ ದಪ್ಪ, ಅದಕ್ಕೇ ಕೊಟ್ಟೆ. ನಾನು ಒಂದು ಕಡೆ ‘ನಿನಗೆ ಅಣ್ಣನ ಮೇಲೆ ದ್ವೇಷ’ ಅಂತ ಬರೆದಿದ್ದೆ. ಅವನು ಆ ಸಾಲಿಗೆ ಬಂದು ನಿಂತ. ಚಿತ್ರ ಮುಂದೆ ಓಡುತ್ತಿತ್ತು. ಪೆನ್ಸಿಲ್ ಕೇಳಿ ತೆಗೆದುಕೊಂಡು ‘ದ್ವೇಷ’ ಹೊಡೆದುಹಾಕಿ ‘ಹೊಟ್ಟೆಕಿಚ್ಚು’ ಅಂತ ಬರೆದ. ‘ದ್ವೇಷ ಅಲ್ಲ ಅಕ್ಕ ಇದು’ ಅಂದ. ಹಿಂದೆ ಹಾಕು ಅಂದ, ಮತ್ತೆ ಮೊದಲಿನಿಂದ ಓದಿದ.

ನಮ್ಮ ಮನೆಯಲ್ಲಿ ಮಾರ್ಕ್ಸ್ ಕಾರ್ಡು ಬಂದ ದಿನ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಿದ್ದರು. ನನ್ನದು ಯಾವಾಗಲೂ ಮೇಲೆ. ಅವನು ಒಂದು ದಿನವೂ ಏನೂ ಅಂದವನಲ್ಲ. ನಾನೂ ಕೇಳಿದವಳಲ್ಲ.

ಅಮ್ಮ ಟೀವಿಯ ಕಡೆಗೇ ನೋಡುತ್ತಾ, ‘ಪಾಪ, ಆ ಎರಡನೇ ಹುಡುಗನ ಮನಸ್ಸಲ್ಲಿ ಏನಿದೆ ಅಂತ ಯಾರೂ ಕೇಳಲೇ ಇಲ್ಲವಲ್ಲೇ’ ಅಂದಳು. ಆಮೇಲೆ ತಮ್ಮನಿಗೆ, ‘ಬೆಳಿಗ್ಗೆ ಮೊದಲ ಎಣ್ಣೆ ನಿಂಗೇ ಹಚ್ತೀನಿ ಕಣೋ’ ಅಂದಳು. ಪ್ರತಿ ವರ್ಷ ಮೊದಲು ನನಗೆ.

ಕಥೆ ಅರ್ಧ ದಾಟಿದ ಮೇಲೆ ಕಗೆರೋ ಮಾಯವಾಗುತ್ತಾನೆ. ಒಳ್ಳೆಯದೇ ಆಯಿತು ಅನ್ನಿಸಬೇಕು, ಅಲ್ವಾ? ಆದರೆ ದೈಜಿ ಅಲ್ಲಿಂದಲೇ ಹಾಳಾಗುತ್ತಾನೆ. ತಾನು ಹಿಡಿದದ್ದೇ ಸರಿ ಅಂತ ಕಲ್ಲಾಗುತ್ತಾನೆ, ಮನೆಯವರಿಂದ ದೂರವಾಗಿ ಅಣ್ಣನಿಗೇ ಎದುರು ನಿಲ್ಲುತ್ತಾನೆ. ಕಗೆರೋ ಮರಳಿ ಬಂದ ಮೇಲೆಯೇ ದೈಜಿ ಮತ್ತೆ ದೈಜಿ. ಈ ಸೀರಿಯಲ್ಲಿನಲ್ಲಿ ನನಗೆ ತುಂಬ ಇಷ್ಟವಾದದ್ದು ಇದೇ. ದೆವ್ವ ಬಿಡಿಸುವ ಕಥೆ ಅಲ್ಲ ಇದು. ಕಗೆರೋಗೆ ಖಾರ ಖಾರವಾದ ಕರಿ ಅಂದರೆ ಪ್ರಾಣ. ಅಮ್ಮ ಅದನ್ನು ನೋಡಿ, ‘ಒಳಗಿರೋನಿಗೂ ಹಸಿವಾಗುತ್ತೆ, ಒಂದು ತಟ್ಟೆ ಹಾಕಿದ್ರೆ ಏನಂತೆ’ ಅಂದಳು. ನಾನು ಇಷ್ಟು ದಿನ ಹೇಳಬೇಕು ಅಂದುಕೊಂಡಿದ್ದ ಮಾತು ಅದೇ.

ಡಿಸೆಂಬರ್

14ರಲ್ಲಿ 12 ಕಂತು ಮುಗಿದಿವೆ. ಎರಡು ನೋಟ್‌ಬುಕ್ ತುಂಬಿ ಮೂರನೆಯದಕ್ಕೆ ಬಂದಿದ್ದೇನೆ. ಇಕ್ಕಿಯ ಕೊನೆಯ ಕಂತುಗಳಷ್ಟೇ ಬಾಕಿ. ಇವೇ ಕಷ್ಟದವು.

ಮನೆಯವರಿಗಾಗಿ ಫುಟ್‌ಬಾಲ್ ಬಿಟ್ಟವನು ಇಕ್ಕಿ. ನನಗೇನೂ ಬೇಡ, ಎಲ್ಲರೂ ಚೆನ್ನಾಗಿದ್ದರೆ ಸಾಕು ಅನ್ನುವವನು. ಚಿಕ್ಕವನಿದ್ದಾಗ ಮನೆಗೆ ಆಪತ್ತು ಬಂದಾಗ, ಎಲ್ಲರನ್ನೂ ಉಳಿಸು ಅಂತ ವೈಸ್ ಜೊತೆ ಕರಾರು ಮಾಡಿಕೊಂಡಿದ್ದ. ಅದಕ್ಕೆ ಕೊಟ್ಟ ಬೆಲೆ ಅವನ ನೆನಪು. ಹೋರಾಡಿದಷ್ಟೂ ನೆನಪು ಕರಗುತ್ತದೆ. ಕೊನೆಗೆ ಯಾರಿಗಾಗಿ ಹೋರಾಡಿದನೋ ಆ ಮನೆಯವರನ್ನೇ ಒಬ್ಬೊಬ್ಬರಾಗಿ ಮರೆಯುತ್ತಾನೆ. ವೈಸ್ ಕರಾರು ಮುರಿಯಲು ಬೇಕೆಂದೇ ಅವನ ಎದುರು ನಿಂತು ಹೋರಾಡಿ, ತಾನು ಮರೆಯಾಗಿ, ಆ ನೆನಪುಗಳನ್ನು ವಾಪಸ್ ಕೊಡುತ್ತಾನೆ.

ಕನ್ನಡದಲ್ಲಿ ಇದು ಬೇರೆಯೇ ರೀತಿ ಕುತ್ತಿಗೆ ಹಿಡಿಯುತ್ತದೆ. ಮಕ್ಕಳು ಅಮ್ಮನಿಗೆ ‘ನೀನು’ ಅನ್ನುತ್ತಾರೆ. ಗುರುತಿಲ್ಲದ ಹೆಂಗಸಿಗೆ ‘ನೀವು’. ಹಾಗಾದರೆ ಮರೆತ ಮೇಲೆ ಇಕ್ಕಿ ಯುಕಿಮಿಗೆ ಏನನ್ನಬೇಕು? ಒಂದು ವಾರ ಆ ಪುಟ ಬಿಟ್ಟು ಬೇರೆ ಬರೆದೆ. ಆಮೇಲೆ ‘ನೀವು’ ಅಂತ ಬರೆದೆ.

ನಿನ್ನೆ ಅಮ್ಮ ನೋಟ್‌ಬುಕ್ ತಿರುವಿ ಹಾಕುತ್ತಿದ್ದಳು. ‘ಇದೇನೇ, ಇಲ್ಲಿ ಹುಡುಗ ಅಮ್ಮಂಗೆ ನೀವು ಅಂತಾನೆ, ತಪ್ಪು ಬರೆದಿದ್ದೀಯಾ?’ ಅಂತ ಕೇಳಿದಳು. ತಪ್ಪಲ್ಲ ಅಮ್ಮ ಅಂದೆ. ಎರಡು ಸಲ ಓದಿದಳು. ಅರ್ಥವಾಯಿತು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. ಮುಂದಿನ ಪುಟ ತಿರುವಲಿಲ್ಲ. ‘ಮತ್ತೆ ನೀನು ಅಂತಾನೆ ತಾನೇ?’ ಅಂದಳು.

ಅಂತಾನೆ. ಎಲ್ಲಿ ಅನ್ನುವುದನ್ನು ನಾನೇ ಹುಡುಕಬೇಕು. ಜಪಾನಿಯಲ್ಲಿ ಅದಕ್ಕೆ ಗುರುತು ಇಟ್ಟಿಲ್ಲ. 50ನೇ ಕಂತನ್ನು ಮೂರು ಸಲ ನೋಡಿದೆ, ಪೆನ್ಸಿಲಿನಲ್ಲಿ ನಾಲ್ಕು ಕಡೆ ಚುಕ್ಕಿ ಇಟ್ಟಿದ್ದೇನೆ. ವೈಸ್‌ನ ಮಾತು ತಮ್ಮ ಓದುತ್ತಾನಂತೆ. ಸಂಕ್ರಾಂತಿಗೆ ಬರುತ್ತೇನೆ, ಅಷ್ಟರಲ್ಲಿ ಮುಗಿಸು ಅಕ್ಕ ಅಂದಿದ್ದಾನೆ.